ಕಳುಹಿಸಿದವರ ಹೊಣೆ: ಕೊಡಗಿನ ಮಿಷನ್ ಚರಿತ್ರೆಯಲ್ಲಿ ಸೇವಕರ ದಣಿವು ಮತ್ತು ವಿಶ್ರಾಂತಿ

ಪೀಠಿಕೆ

ಸಭಾಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆರಂಭಗಳನ್ನು ಎಣಿಸುತ್ತಾರೆ. ಯಾವ ವರ್ಷ ಯಾವ ಊರಿಗೆ ಯಾರು ಬಂದರು, ಮೊದಲ ದೀಕ್ಷಾಸ್ನಾನ ಎಂದು ನಡೆಯಿತು, ಶಾಲೆ ಎಂದು ತೆರೆಯಿತು, ದೇವಾಲಯಕ್ಕೆ ಅಸ್ತಿವಾರ ಎಂದು ಬಿತ್ತು ಎಂಬುದೆಲ್ಲ ದಿನಾಂಕಸಹಿತ ದಾಖಲಾಗುತ್ತದೆ. ಆದರೆ ಆ ಕೆಲಸವನ್ನು ಮಾಡಿದವರು ಹೇಗೆ ದಣಿದರು, ದಣಿದಾಗ ಅವರನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆಗಳು ‘ಆರೋಗ್ಯದ ಕಾರಣದಿಂದ ಸ್ವದೇಶಕ್ಕೆ ಮರಳಿದರು’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಈ ಲೇಖನದಲ್ಲಿ ನಾವು ಆ ಒಂದು ಸಾಲಿನ ಬಳಿ ಸ್ವಲ್ಪ ಹೊತ್ತು ನಿಲ್ಲಬಯಸುತ್ತೇವೆ. ಅದಕ್ಕಾಗಿ ಕೊಡಗಿನ ಮಿಷನ್ ಚರಿತ್ರೆಯ ಆರಂಭದ ವರ್ಷಗಳನ್ನು, ವಿಶೇಷವಾಗಿ ಡಾ. ಹೆರ್ಮನ್ ಮೋಗ್ಲಿಂಗ್ ಅವರು ಆನಂದಪುರದಲ್ಲಿ ಕೈಗೊಂಡ ಸೇವೆಯನ್ನು ಆರಿಸಿಕೊಂಡಿದ್ದೇವೆ.

ಇದು ಕೇವಲ ಹಳೆಯ ಕುತೂಹಲವಲ್ಲ. 2018ರ ಆಗಸ್ಟ್ ತಿಂಗಳ ಭೂಕುಸಿತದ ನಂತರ ಕೊಡಗಿನಲ್ಲಿ ಸಮಾಜಕಾರ್ಯಕರ್ತರು, ಮನೋವೈದ್ಯಕೀಯ ಸಿಬ್ಬಂದಿ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಸಭಾಪಾಲಕರು ಒಂದೇ ಹೊರೆಯನ್ನು ಹೊತ್ತರು. ಇತರರ ದುಃಖವನ್ನು ದಿನವೂ ಕೇಳುವವರ ದುಃಖವನ್ನು ಕೇಳುವವರು ಯಾರು? ಕೊಡಗಿನ ಬೆಟ್ಟಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ನೂರ ಎಪ್ಪತ್ತು ವರ್ಷಗಳ ಹಿಂದೆ ದೊರೆತ ಉತ್ತರ ಅಪೂರ್ಣವಾಗಿತ್ತು. ಅದು ಎಲ್ಲಿ ಅಪೂರ್ಣವಾಗಿತ್ತು ಎಂದು ತಿಳಿದರೆ ಇಂದಿನ ಸಭೆಗೆ ಪ್ರಯೋಜನವಾದೀತು ಎಂಬುದು ನಮ್ಮ ನಂಬಿಕೆ.

‘ದಣಿವು’ ಎಂಬ ಮಾತು

‘ಬರ್ನ್‌ಔಟ್’ ಎಂಬ ಪದವನ್ನು ಸೇವಾಕ್ಷೇತ್ರದ ಬಳಲಿಕೆಗೆ ಅನ್ವಯಿಸಿ 1974ರಲ್ಲಿ ಲೇಖನ ಬರೆದವರು ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುತ್ತಿದ್ದ ಸ್ವಯಂಸೇವಕರನ್ನು ಕಂಡು ಅವರು ಹಾಗೆ ಬರೆದರು. ಸೋಮಾರಿಗಳಲ್ಲ, ಅತ್ಯಂತ ನಿಷ್ಠೆಯಿಂದ ಕೆಲಸಕ್ಕೆ ಇಳಿದವರೇ ಮೊದಲು ಕುಸಿಯುತ್ತಿದ್ದರು ಎಂಬುದು ಅವರ ಗಮನಕ್ಕೆ ಬಂತು. ಅನಂತರ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಅವರ ಸಹೋದ್ಯೋಗಿಗಳು ಇದರ ಮೂರು ಮುಖಗಳನ್ನು ವಿವರಿಸಿದರು. ಭಾವನೆಗಳು ಬತ್ತಿಹೋಗುವುದು ಮೊದಲನೆಯದು. ಎದುರಿಗಿರುವ ಮನುಷ್ಯ ಮನುಷ್ಯನಾಗಿ ಕಾಣದೆ ಒಂದು ‘ಪ್ರಕರಣ’ವಾಗಿ ಕಾಣತೊಡಗುವುದು ಎರಡನೆಯದು. ತಾನು ಮಾಡಿದ್ದೆಲ್ಲ ವ್ಯರ್ಥವೆಂಬ ಭಾವ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಇದನ್ನು ರೋಗವೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಕರೆದಿದೆ. ಈ ಭೇದ ದೈವಜ್ಞಾನದ ದೃಷ್ಟಿಯಿಂದಲೂ ಮುಖ್ಯವಾದದ್ದು. ದಣಿವಿನ ಮೂಲವನ್ನು ದಣಿದವನ ಒಳಗೆ ಮಾತ್ರ ಹುಡುಕಬಾರದು, ಅವನ ಕೆಲಸದ ಏರ್ಪಾಡಿನಲ್ಲಿಯೂ ಹುಡುಕಬೇಕು ಎಂಬುದೇ ಇದರ ತಾತ್ಪರ್ಯ.

ಸಭೆಗೆ ಇಂಥ ಬಳಲಿಕೆಯ ಪರಿಚಯ ಮೊದಲಿನಿಂದಲೂ ಇತ್ತು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ತಪಸ್ವಿಯು ನಡುಹಗಲಿನಲ್ಲಿ ಸಂನ್ಯಾಸಿಯ ಮೇಲೆ ಎರಗುವ ಜಡತೆ ಮತ್ತು ಬೇಸರವನ್ನು ಕುರಿತು ಸೂಕ್ಷ್ಮವಾಗಿ ಬರೆದಿದ್ದಾನೆ. ಆದರೆ ಅವನು ಅದನ್ನು ಒಂಟಿ ಆತ್ಮವೊಂದರ ಶೋಧನೆಯಾಗಿ ಕಂಡನು. ಪಶ್ಚಿಮದ ಸಭೆ ಮುಂದೆ ಅದನ್ನು ಮೈಗಳ್ಳತನವೆಂಬ ಪಾಪದೊಡನೆ ಸೇರಿಸಿತು. ಹೀಗೆ ‘ದಣಿದೆ’ ಎಂದು ಹೇಳುವುದೇ ಸೇವಕನಿಗೆ ನಾಚಿಕೆಯ ಮಾತಾಯಿತು. ಹತ್ತೊಂಬತ್ತನೆಯ ಶತಮಾನದ ಮಿಷನರಿಗಳು ಆ ನಾಚಿಕೆಯನ್ನು ತಮ್ಮೊಡನೆ ಹಡಗಿನಲ್ಲಿ ತಂದಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಮ್ಮ ಕಾಲದ ಪದವನ್ನು ಹಿಂದಿನವರ ಮೇಲೆ ಹೊರಿಸಿ, ಮೋಗ್ಲಿಂಗರಿಗೆ ಇಂಥದೇ ತೊಂದರೆಯಿತ್ತು ಎಂದು ನಿರ್ಣಯಿಸುವುದು ಚರಿತ್ರೆಯ ಕೆಲಸವಲ್ಲ. ಅವರ ಮನಸ್ಸಿನೊಳಕ್ಕೆ ಹೊಕ್ಕು ನೋಡುವ ದಾರಿ ನಮಗಿಲ್ಲ. ಆದರೆ ಅವರ ಮೇಲಿದ್ದ ಹೊರೆಯನ್ನು ಎಣಿಸಬಹುದು. ಆ ಹೊರೆಯನ್ನು ಇಳಿಸಲು ಅಂದಿನ ವ್ಯವಸ್ಥೆಯಲ್ಲಿ ಯಾವ ದಾರಿಗಳಿದ್ದವು, ಯಾವುವು ಇರಲಿಲ್ಲ ಎಂದು ಕೇಳಬಹುದು. ನಾವು ಮಾಡಹೊರಟಿರುವುದು ಅಷ್ಟೇ.

ಮಂಗಳೂರಿನಿಂದ ಮಡಿಕೇರಿಗೆ

ಕೊಡಗಿನಲ್ಲಿ ಕ್ರೈಸ್ತ ಸಭೆಯ ಚರಿತ್ರೆ ಬಾಸೆಲ್ ಮಿಷನ್ನಿನಿಂದ ಆರಂಭವಾದುದಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಕಥೋಲಿಕ ದೇವಾಲಯದ ಮೂಲ 1792ರಷ್ಟು ಹಿಂದಿನದು. ದೊಡ್ಡವೀರರಾಜೇಂದ್ರನ ಆಶ್ರಯ ಪಡೆದ ಕ್ರೈಸ್ತರು ಅಲ್ಲಿ ನೆಲೆಸಿದರು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತಮ್ಮ ಆಡಳಿತಕ್ಕೆ ಸೇರಿಸಿಕೊಂಡರು. ಅದೇ ವರ್ಷ ಬಾಸೆಲ್ ಮಿಷನ್ನಿನ ಮೊದಲ ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಈ ಎರಡು ಘಟನೆಗಳು ಸೇರಿ ಫಲ ಕೊಡಲು ಇನ್ನೂ ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

ಹೆರ್ಮನ್ ಮೋಗ್ಲಿಂಗ್ 1811ರಲ್ಲಿ ಜರ್ಮನಿಯ ವ್ಯೂರ್ಟೆಂಬೆರ್ಗ್ ಪ್ರಾಂತದ ಬ್ರಾಕನ್‌ಹೈಮ್ ಎಂಬಲ್ಲಿ ಹುಟ್ಟಿದರು. 1836ರಲ್ಲಿ ಮಂಗಳೂರಿಗೆ ಬಂದರು. ಮುಂದಿನ ಹದಿನಾರು ವರ್ಷಗಳಲ್ಲಿ ಅವರು ಕೈಗೊಂಡ ಕೆಲಸಗಳ ಪಟ್ಟಿಯನ್ನು ನೋಡಿದರೆ ಒಬ್ಬ ಮನುಷ್ಯ ಇಷ್ಟನ್ನು ಹೇಗೆ ಮಾಡಿದನೆಂದು ಬೆರಗಾಗುತ್ತದೆ. ಹುಡುಗರ ವಸತಿಶಾಲೆ, ಉಪದೇಶಿಗಳನ್ನು ತಯಾರಿಸುವ ಪಾಠಶಾಲೆ, ಬಲ್ಮಠದ ಕಲ್ಲಚ್ಚಿನ ಮುದ್ರಣ, 1843ರ ‘ಮಂಗಳೂರ ಸಮಾಚಾರ’, ಬಳಿಕ ಕನ್ನಡದ ಹಳೆಯ ಕಾವ್ಯಗಳನ್ನು ಸಂಪಾದಿಸಿ ಅಚ್ಚು ಹಾಕಿದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ. ಕನ್ನಡ ಸಾಹಿತ್ಯಕ್ಕೆ ಅವರು ಸಲ್ಲಿಸಿದ ಸೇವೆಗಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ನಮ್ಮ ನಾಡಿನ ಸುವಾರ್ತಾ ಸಭೆಗಳ ದೈವಜ್ಞಾನ ಶಿಕ್ಷಣದ ಬೇರುಗಳಲ್ಲಿ ಒಂದು ಅವರ ಪಾಠಶಾಲೆಯಲ್ಲಿದೆ ಎಂಬುದನ್ನು ಗುರುಕುಲದ ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ.

1851–52ರಲ್ಲಿ ಬಾಸೆಲ್ ಮಿಷನ್ನಿನ ಮುಖ್ಯಾಧಿಕಾರಿ ಯೋಸೆಫ್ ಯೋಸೆನ್‌ಹನ್ಸ್ ಭಾರತಕ್ಕೆ ಭೇಟಿಯಿತ್ತರು. ಅವರ ಕಾಲದಲ್ಲಿ ಮಿಷನ್ನಿನ ಆಡಳಿತ ಬಿಗಿಯಾಯಿತು; ನಿಯಮ, ವರದಿ, ಮೇಲ್ವಿಚಾರಣೆ ಹೆಚ್ಚಿದವು. ಮೋಗ್ಲಿಂಗರಂಥ ಸ್ವತಂತ್ರ ಸ್ವಭಾವದವರಿಗೆ ಆ ಬಿಗಿ ಒಗ್ಗಲಿಲ್ಲ. ದೇಹವೂ ಬಳಲಿತ್ತು. 1852ರಲ್ಲಿ ಅವರು ಸ್ವದೇಶಕ್ಕೆ ಹೊರಡುವ ಯೋಚನೆಯಲ್ಲಿದ್ದಾಗ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯ ಎಂಬವರು ಕ್ರೈಸ್ತ ಮಾರ್ಗವನ್ನು ಅರಸಿ ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಪಡೆದು ಸ್ತೆಫನನೆಂಬ ಹೆಸರು ಪಡೆದ ಸೋಮಯ್ಯನವರ ಜೊತೆ, ಊರಿಗೆ ಹೊರಟಿದ್ದ ಮೋಗ್ಲಿಂಗ್ ಹಡಗು ಹತ್ತದೆ ಘಟ್ಟ ಹತ್ತಿದರು.

ಮಿಷನ್ ಸಾಹಿತ್ಯದಲ್ಲಿ ಈ ಪ್ರಸಂಗವನ್ನು ದೇವರ ಕರೆಯ ನಿದರ್ಶನವಾಗಿ ಓದುವ ರೂಢಿಯಿದೆ. ಹಾಗೆ ಓದುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ವಿಶ್ರಾಂತಿಯ ಅವಶ್ಯವಿದ್ದವರು ವಿಶ್ರಾಂತಿಯಿಲ್ಲದೆ ಹೊಸ ನಾಡಿಗೆ, ಹೊಸ ಭಾಷೆಗೆ, ಹೊಸ ಸಂಕಷ್ಟಕ್ಕೆ ಇಳಿದರು. ಇದಲ್ಲದೆ ಕೊಡಗಿನ ಕೆಲಸಕ್ಕೆ ಬಾಸೆಲ್ ಸಮಿತಿಯ ಪೂರ್ಣ ಬೆಂಬಲ ಮೊದಲಲ್ಲಿ ಇರಲಿಲ್ಲ. ಅವರು ಬಹುಮಟ್ಟಿಗೆ ತಮ್ಮ ಹೊಣೆಯಲ್ಲೇ ಹೋದರು. ಕರೆ ಇತ್ತು, ಕಳುಹಿಸಿದವರು ಬೆನ್ನಿಗಿರಲಿಲ್ಲ.

ಆನಂದಪುರದ ಹೊರೆ

ಮೋಗ್ಲಿಂಗರಿಗೆ ಕೊಡವ ಮನೆತನಗಳ ನಡುವೆ ಕೆಲಸ ಮಾಡುವ ಆಸೆಯಿತ್ತು. ಆದರೆ ಅವರ ಬಾಗಿಲಿಗೆ ಬಂದವರು ಮುಖ್ಯವಾಗಿ ಬೇರೆಯವರು. ದಾಖಲೆಗಳು ಹೊಲೆಯರೆಂದು ಕರೆಯುವ, ಜಮ್ಮಾ ಭೂಮಿಯ ಒಡೆಯರಿಗೆ ತಲೆಮಾರುಗಳಿಂದ ಜೀತಕ್ಕೆ ಬಿದ್ದಿದ್ದ ದಲಿತ ಸಮುದಾಯದ ಜನರು ಅವರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು 1843ರ ಕಾಯಿದೆ ಸಾರಿದ್ದರೂ, ಹೊಲಕ್ಕೂ ಆಳಿಗೂ ಇದ್ದ ಹಳೆಯ ಕಟ್ಟು ಕಾಗದದಿಂದ ಬಿಚ್ಚುವಂಥದಾಗಿರಲಿಲ್ಲ. 1855ರಲ್ಲಿ ಪ್ರಕಟವಾದ ಮೋಗ್ಲಿಂಗರ ‘ಕೂರ್ಗ್ ಮೆಮಾಯರ್ಸ್’ ಕೊಡಗಿನ ಅರಸರ ಚರಿತ್ರೆಯೊಡನೆ ಈ ಜನರ ಸ್ಥಿತಿಯನ್ನೂ ಹೊರಗಿನ ಓದುಗರಿಗೆ ತಿಳಿಸಿತು.

ಇವರಿಗಾಗಿ ಅಮ್ಮತ್ತಿಯ ಬಳಿ ಆನಂದಪುರವೆಂಬ ನೆಲೆ ಹುಟ್ಟಿತು. ಅದು ಬರಿಯ ಪ್ರಾರ್ಥನಾಮಂದಿರವಲ್ಲ. ಇಡೀ ಒಂದು ಊರು. ಒಡೆಯನನ್ನು ಬಿಟ್ಟು ಬಂದವನಿಗೆ ಅನ್ನ ಬೇಕು, ಸೂರು ಬೇಕು, ದುಡಿಯಲು ನೆಲ ಬೇಕು. ಕೊಡಗಿನಲ್ಲಿ ಮೊದಲ ಐರೋಪ್ಯ ಕಾಫಿ ತೋಟ ಫೌಲರ್ ಎಂಬವರಿಂದ ಮಡಿಕೇರಿಯಲ್ಲಿ ಆರಂಭವಾದದ್ದು 1854ರಲ್ಲಿ. ಹೊಸ ನೆಲೆಯೂ ಕಾಫಿಯ ಆದಾಯದ ಮೇಲೆ ನಿಲ್ಲಬೇಕೆಂಬ ಯೋಜನೆಯಾಯಿತು. ಕಾಫಿ ಗಿಡ ನೆಟ್ಟ ವರ್ಷವೇ ಫಲ ಕೊಡುವುದಿಲ್ಲ; ಮೂರು ನಾಲ್ಕು ವರ್ಷ ಕಾಯಬೇಕು. ಜನರ ಹಸಿವು ಕಾಯುವುದಿಲ್ಲ. ಈ ನಡುವಿನ ಅಂತರವನ್ನು ಸಾಲದಿಂದಲೂ ಗೆಳೆಯರ ದಾನದಿಂದಲೂ ತುಂಬಬೇಕಾಯಿತು.

ಆನಂದಪುರದಲ್ಲಿ ಮೋಗ್ಲಿಂಗರ ಒಂದು ದಿನದಲ್ಲಿ ಎಷ್ಟು ಕೆಲಸಗಳು ಸೇರಿದ್ದಿರಬೇಕೆಂದು ಯೋಚಿಸಿದರೆ ಇಂದಿನ ಸಮಾಜಕಾರ್ಯಕರ್ತರಿಗೆ ಅದು ಪರಿಚಿತವಾಗಿ ಕಾಣುತ್ತದೆ. ಬೋಧನೆ, ಶಾಲೆ, ಕಾಯಿಲೆಯವರಿಗೆ ಮದ್ದು, ಹಳೆಯ ಒಡೆಯರೊಂದಿಗಿನ ತಕರಾರು, ಅಧಿಕಾರಿಗಳಿಗೆ ಅರ್ಜಿ, ತೋಟದ ಲೆಕ್ಕ, ಸಾಲಗಾರರಿಗೆ ಪತ್ರ, ಊರೊಳಗಿನ ಜಗಳಗಳ ತೀರ್ಮಾನ. ಇವುಗಳ ನಡುವೆ ಅವರು ಕೊಡಗಿನ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನು ಸಂಪಾದಿಸಿ 1857ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಹೊರಗೆ ಕೊಡಗಿನ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,200 ಮಿಲಿಮೀಟರ್ ಬೀಳುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಬಿದಿರು ಬೆಳೆದ ತಪ್ಪಲಿನ ಊರುಗಳಲ್ಲಿ ಮಲೇರಿಯಾ ಜ್ವರ ಸಾಮಾನ್ಯವಾಗಿತ್ತು.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಜೀತದಾಳಿಗೆ ವಾರದಲ್ಲಿ ಒಂದು ದಿನದ ಬಿಡುವು ಎಂಬುದು ಹಕ್ಕಾಗಿರಲಿಲ್ಲ. ಒಡೆಯನ ಮರ್ಜಿಯೇ ಪಂಚಾಂಗ. ಆನಂದಪುರಕ್ಕೆ ಬಂದವರ ಬದುಕಿನಲ್ಲಿ ಭಾನುವಾರವೆಂಬುದು ಬಂತು. ಆ ದಿನ ಗುದ್ದಲಿ ಹಿಡಿಯಬೇಕಾಗಿಲ್ಲ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಕೊಳ್ಳಬಹುದು, ಹಾಡಬಹುದು. ಧರ್ಮೋಪದೇಶಕಾಂಡ 5ನೆಯ ಅಧ್ಯಾಯದಲ್ಲಿ ಸಬ್ಬತ್ತಿನ ಆಜ್ಞೆಗೆ ಕೊಟ್ಟಿರುವ ಕಾರಣವೇ ಇದು: ದಾಸನೂ ದಾಸಿಯೂ ನಿನ್ನಂತೆ ವಿಶ್ರಮಿಸಬೇಕು, ಏಕೆಂದರೆ ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ. ಜೀತದಿಂದ ಬಿಡುಗಡೆಯಾದವರಿಗೆ ಈ ಆಜ್ಞೆ ನಿಯಮವಾಗಿ ಅಲ್ಲ, ವರವಾಗಿಯೇ ಕೇಳಿಸಿರಬೇಕು. ಆದರೆ ಆ ವರವನ್ನು ತಂದ ಬೋಧಕನಿಗೆ ಭಾನುವಾರ ವಾರದ ಅತ್ಯಂತ ದುಡಿಮೆಯ ದಿನ, ಉಳಿದ ಆರು ದಿನಗಳಲ್ಲಿ ಒಂದೂ ಅವನ ಸ್ವಂತದ್ದಲ್ಲ. ಆನಂದಪುರದಲ್ಲಿ ಸಬ್ಬತ್ ಎಲ್ಲರಿಗೂ ಬಂತು, ಅದನ್ನು ತಂದವನಿಗೆ ಬರಲಿಲ್ಲ.

ದಾಖಲೆಯ ಅಂಚಿನಲ್ಲಿರುವವರು

ಮೋಗ್ಲಿಂಗರ ಬಂಧುವೂ ಸಹಸೇವಕರೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆ, ಕನ್ನಡ ಸತ್ಯವೇದದ ಪರಿಷ್ಕರಣೆಯಲ್ಲಿ ದುಡಿದವರು, 1855ರಲ್ಲಿ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ವಿಧವೆ ಪೌಲಿನ್ ಅವರನ್ನು ಮೋಗ್ಲಿಂಗ್ ಬಳಿಕ ಮದುವೆಯಾದರು. ಪೌಲಿನ್ ಆನಂದಪುರಕ್ಕೆ ಬಂದಾಗ ಅವರ ಬೆನ್ನ ಮೇಲೆ ಒಂದು ಸಾವಿನ ದುಃಖವಿತ್ತು. ಆ ಕಾಲದ ಬಾಸೆಲ್ ಮಿಷನರಿಗಳು ಮಕ್ಕಳನ್ನು ಎಳವೆಯಲ್ಲೇ ಯುರೋಪಿಗೆ ಕಳುಹಿಸಬೇಕಾಗುತ್ತಿತ್ತು; ಮಿಷನ್ 1850ರ ದಶಕದಿಂದ ಅವರಿಗಾಗಿ ಬಾಸೆಲ್‌ನಲ್ಲಿ ಮಕ್ಕಳ ಮನೆಯನ್ನು ನಡೆಸಿತು. ತಾಯಂದಿರು ಕಡಲಿನ ಈಚೆಗೆ, ಮಕ್ಕಳು ಆಚೆಗೆ. ಪರರ ಮಕ್ಕಳಿಗೆ ಅಕ್ಷರ ಕಲಿಸಿದ ಮಿಷನರಿ ಹೆಂಡಂದಿರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳ ಅಕ್ಷರವನ್ನು ತಿಂಗಳುಗಟ್ಟಲೆ ಹಳೆಯದಾದ ಪತ್ರಗಳಲ್ಲಿ ಮಾತ್ರ ಕಂಡರು. ಆ ಹೆಂಗಸರ ದುಡಿಮೆಗೆ ಸಂಬಳವಿರಲಿಲ್ಲ, ಅವರ ದಣಿವಿಗೆ ಹೆಸರೂ ಇರಲಿಲ್ಲ. ಪೌಲಿನ್ ಅವರ ಆರೋಗ್ಯ ಕೆಟ್ಟಿತು. 1860ರಲ್ಲಿ ದಂಪತಿ ಭಾರತವನ್ನು ಬಿಟ್ಟರು. ಮೋಗ್ಲಿಂಗರಿಗೆ ಆಗ ನಲವತ್ತೊಂಬತ್ತು ವರ್ಷ. ಅವರು ಮತ್ತೆ ಈ ನಾಡಿಗೆ ಮರಳಲಿಲ್ಲ. 1881ರಲ್ಲಿ ಎಸ್ಲಿಂಗನ್‌ನಲ್ಲಿ ನಿಧನರಾದರು.

ಅಂದಿನ ವ್ಯವಸ್ಥೆಯಲ್ಲಿ ವಿಶ್ರಾಂತಿಗೆ ದಾರಿಯೇ ಇರಲಿಲ್ಲವೆಂದಲ್ಲ. ನೀಲಗಿರಿಯ ಕೇಟಿಯಲ್ಲಿ ಕ್ಯಾಸಮೇಜರ್ ಎಂಬ ಅಧಿಕಾರಿಯ ಔದಾರ್ಯದಿಂದ ಮಿಷನ್ನಿಗೆ ಒಂದು ನೆಲೆ ದೊರೆತಿತ್ತು. ಬಯಲಿನ ಜ್ವರದಿಂದ ಬಳಲಿದ ಮಿಷನರಿಗಳು ಅಲ್ಲಿಯ ತಂಪಿನಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಸ್ವದೇಶಕ್ಕೆ ರಜೆಯ ಮೇಲೆ ಹೋಗುವ ಪದ್ಧತಿಯೂ ಇತ್ತು. ಆದರೆ ಈ ಎರಡು ಬಾಗಿಲುಗಳಿಗೂ ಒಂದೇ ಬೀಗದ ಕೈ: ದೇಹದ ರೋಗ. ಜ್ವರ ಬಂದರೆ, ರಕ್ತ ಕಾರಿದರೆ, ವೈದ್ಯರು ಬರೆದುಕೊಟ್ಟರೆ ಬಿಡುವು. ಮನಸ್ಸು ಬತ್ತಿದೆ ಎಂದವನಿಗೆ ಪ್ರಾರ್ಥಿಸು ಎಂಬುದೇ ಉತ್ತರ.

ನಾಡಿನ ಉಪದೇಶಿಗಳಿಗಂತೂ ಆ ಬಾಗಿಲುಗಳೂ ಇರಲಿಲ್ಲ. ಮಂಗಳೂರಿನಿಂದ ಘಟ್ಟ ಹತ್ತಿ ಬಂದ ತುಳು, ಕನ್ನಡ ಮಾತಿನ ಉಪದೇಶಿಗೆ ಮರಳಿ ಹೋಗಲು ಯುರೋಪಿನಲ್ಲಿ ಊರಿರಲಿಲ್ಲ. ಅವನು ದೀಕ್ಷಾಸ್ನಾನ ಪಡೆದ ದಿನವೇ ಹುಟ್ಟಿದ ಮನೆಯ ಬಾಗಿಲು ಅನೇಕ ವೇಳೆ ಮುಚ್ಚಿರುತ್ತಿತ್ತು. ಮಿಷನರಿ ಹೊರಟಾಗ ಬೀಳ್ಕೊಡುವ ಸಭೆಯಾಗುತ್ತದೆ. ಉಳಿದುಕೊಂಡು ಅದೇ ಹೊರೆಯನ್ನು ಹೊತ್ತವನ ಹೆಸರು ವರದಿಯ ಕೊನೆಯಲ್ಲಿ ಸಂಖ್ಯೆಯಾಗಿ ಬರುತ್ತದೆ. ಇಂದು ಸಣ್ಣ ಸಂಬಳದ ಸಮಾಜಕಾರ್ಯಕರ್ತೆಗೂ ದೊಡ್ಡ ಆಸ್ಪತ್ರೆಯ ತಜ್ಞನಿಗೂ ಇರುವ ಅಂತರ ಅಂದಿನ ಈ ಅಂತರದ ಮುಂದುವರಿಕೆಯೇ ಆಗಿದೆ.

ಹಂಚಿಕೊಂಡ ಹೊರೆ

ಆನಂದಪುರ ಮೋಗ್ಲಿಂಗರೊಂದಿಗೆ ಮುಗಿಯಲಿಲ್ಲ. 1850ರ ದಶಕ ಮುಗಿಯುವ ಮೊದಲೇ ಬಾಸೆಲ್ ಮಿಷನ್ ಕೊಡಗಿನ ಕೆಲಸವನ್ನು ತನ್ನದಾಗಿ ಒಪ್ಪಿಕೊಂಡಿತು. ಯುವಕ ಫೆರ್ಡಿನೆಂಡ್ ಕಿಟ್ಟೆಲ್ ಮೋಗ್ಲಿಂಗರೊಡನೆ ಕೆಲಕಾಲ ಆನಂದಪುರದಲ್ಲಿದ್ದರು. ಮುಂದೆ ಮಡಿಕೇರಿಯಲ್ಲಿಯೂ ಸೇವೆ ಸಲ್ಲಿಸಿದರು. 1894ರಲ್ಲಿ ಹೊರಬಂದ ಅವರ ಮಹಾನಿಘಂಟುವಿನ ಹಿಂದೆ ಹಲವು ದಶಕಗಳ ಶ್ರಮವಿದೆ, ನಡುವೆ ಸ್ವದೇಶದಲ್ಲಿ ಕಳೆದ ಕೆಲವು ವರ್ಷಗಳೂ ಇವೆ.

ಹೋಲಿಕೆಗೆ ಹೆಚ್ಚು ಉಪಯುಕ್ತವಾದವರು ಗೆಯೋರ್ಗ್ ರಿಕ್ಟರ್. 1850ರ ದಶಕದಲ್ಲಿ ಮಡಿಕೇರಿಗೆ ಬಂದ ಇವರು ಅಲ್ಲಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥರಾದರು. 1870ರಲ್ಲಿ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ಬರೆದರು. 1887ರಲ್ಲಿ ಕೊಡಗಿನ ಜಾತಿ ಬುಡಕಟ್ಟುಗಳ ಬಗ್ಗೆ ಇನ್ನೊಂದು ಗ್ರಂಥ ಪ್ರಕಟಿಸಿದರು. ಮೋಗ್ಲಿಂಗ್ ಏಳು ವರ್ಷ ನಿಂತ ನಾಡಿನಲ್ಲಿ ರಿಕ್ಟರ್ ಮೂರು ದಶಕಗಳ ಕಾಲ ನಿಂತರು. ಇಬ್ಬರ ಭಕ್ತಿಯನ್ನು ತೂಗಿ ನೋಡುವ ತಕ್ಕಡಿ ನಮ್ಮಲ್ಲಿಲ್ಲ, ಆರೋಗ್ಯ ಎಲ್ಲರಿಗೂ ಒಂದೇ ಆಗಿರುವುದೂ ಇಲ್ಲ. ಆದರೆ ಕೆಲಸದ ಏರ್ಪಾಡಿನಲ್ಲಿದ್ದ ವ್ಯತ್ಯಾಸವನ್ನು ನೋಡಬಹುದು. ಶಾಲೆಗೆ ಗಂಟೆಯಿದೆ, ವೇಳಾಪಟ್ಟಿಯಿದೆ, ನಿಶ್ಚಿತ ಸಂಬಳವಿದೆ, ಜೊತೆಗೆ ಇತರ ಉಪಾಧ್ಯಾಯರಿದ್ದಾರೆ. ಸಂಜೆ ಬಾಗಿಲು ಹಾಕುವ ಹಕ್ಕಿದೆ. ಆನಂದಪುರದ ಬಾಗಿಲಿಗೆ ಅಗುಳಿಯೇ ಇರಲಿಲ್ಲ. ರಿಕ್ಟರರ ಸಂಬಳ ವಸಾಹತು ಸರ್ಕಾರದಿಂದ ಬಂತು ಎಂಬುದನ್ನೂ ಮರೆಯಬಾರದು; ಆ ಅನುಕೂಲಕ್ಕೆ ಅದರದೇ ಆದ ಬೆಲೆಯಿತ್ತು. ಆದರೂ ಎಲ್ಲೆಯುಳ್ಳ ಕೆಲಸ ಬಹುಕಾಲ ಬಾಳುತ್ತದೆ ಎಂಬ ಪಾಠವನ್ನು ಅದರಿಂದ ಅಲ್ಲಗಳೆಯಲಾಗದು.

ಕೊಡಗಿನ ಜನಪದದ ಬದುಕಿಗೆ ಈ ಪಾಠ ಹೊಸದಲ್ಲ. ಕಕ್ಕಡ ಮಾಸದ ಸುರಿಮಳೆಯಲ್ಲಿ ನಾಟಿಯ ಕೆಲಸ ಮೈ ಮುರಿಯುವಂತಿರುತ್ತದೆ. ಆ ಮಾಸದ 18ನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡಿ ಎಲ್ಲರೂ ಉಣ್ಣುತ್ತಾರೆ; ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಬರುತ್ತದೆ, ಕೊಯ್ಲಿಗೆ ಪುತ್ತರಿ. ಬಿಡುವು ಅಲ್ಲಿ ಒಬ್ಬೊಬ್ಬರೂ ಕೇಳಿ ಪಡೆಯುವ ವಸ್ತುವಲ್ಲ, ಊರೇ ಕೂಡಿ ನಿಶ್ಚಯಿಸಿದ ಕಾಲ. ಯಾರೂ ‘ನನಗೆ ದಣಿವಾಗಿದೆ’ ಎಂದು ಬಾಯಿ ಬಿಡಬೇಕಾಗಿಲ್ಲ. ಮಿಷನ್ ಈ ನಾಡಿಗೆ ತಂದ ಸಬ್ಬತ್ತಿನ ಒಳಗೂ ಇದೇ ವಿವೇಕವಿತ್ತು. ಸೇವಕರ ಮಟ್ಟಿಗೆ ಅದು ಮರೆತುಹೋಯಿತು.

2018ರ ನಂತರ

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ, ಮುಕ್ಕೋಡ್ಲು, ಹಟ್ಟಿಹೊಳೆ ಮೊದಲಾದ ಕಡೆ ಬೆಟ್ಟಗಳು ಜಾರಿದವು. ಸಾವಿರಾರು ಜನ ಮನೆಬಿಟ್ಟು ಬಂದರು. ಶಾಲೆಗಳು, ಕೊಡವ ಸಮಾಜದ ಕಟ್ಟಡಗಳು, ದೇವಸ್ಥಾನಗಳು, ಮದರಸಾಗಳು, ಚರ್ಚಿನ ಸಭಾಂಗಣಗಳು ಪರಿಹಾರ ಕೇಂದ್ರಗಳಾದವು. 2019ರ ಆಗಸ್ಟ್‌ನಲ್ಲಿ ತೋರದಲ್ಲಿ ಮತ್ತೆ ಗುಡ್ಡ ಕುಸಿಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅಲ್ಲಿಯ ಅರ್ಚಕರ ಮನೆಯೇ ಮಣ್ಣಿನಡಿಯಾಯಿತು. ಆ ವೇಳೆಗೆ ಕೋವಿಡ್ ಬಂದಿತ್ತು. ಮೂರು ಮಳೆಗಾಲ, ಮೂರು ಆಘಾತ. ನಡುವೆ ಚೇತರಿಸಿಕೊಳ್ಳಲು ಕಾಲವೇ ಸಿಗಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋಸಾಮಾಜಿಕ ಆರೈಕೆಯ ತಂಡಗಳು 2018ರಲ್ಲಿ ಕೊಡಗಿಗೆ ಬಂದವು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳಲ್ಲಿ ಬೆಳೆದ ಅನುಭವ ಆ ಸಂಸ್ಥೆಯದು. ಆ ಅನುಭವದಿಂದ ಮೂಡಿದ ಕ್ರಮದಲ್ಲಿ ಎರಡು ಅಂಶಗಳು ನಮ್ಮ ವಿಷಯಕ್ಕೆ ಮುಖ್ಯ. ಮೊದಲನೆಯದಾಗಿ, ಹೊರಗಿನ ತಜ್ಞರು ಎಲ್ಲವನ್ನೂ ತಾವೇ ಮಾಡದೆ ಸ್ಥಳೀಯ ಕಾರ್ಯಕರ್ತರಿಗೆ ತರಬೇತಿ ಕೊಡುತ್ತಾರೆ. ಎರಡನೆಯದಾಗಿ, ಆ ತರಬೇತಿಯಲ್ಲಿ ಸಂತ್ರಸ್ತರ ಆರೈಕೆಯೊಡನೆ ಆರೈಕೆ ಮಾಡುವವರ ಆರೈಕೆಯೂ ಒಂದು ಪಾಠವಾಗಿರುತ್ತದೆ. ದಿನದ ಕೊನೆಗೆ ತಂಡವಾಗಿ ಕುಳಿತು ಕಂಡದ್ದನ್ನು ಹಂಚಿಕೊಳ್ಳುವುದು, ಸರದಿಯ ಮೇಲೆ ಕೆಲಸ ಮಾಡುವುದು, ಒಬ್ಬರನ್ನೇ ಹೆಚ್ಚು ಕಾಲ ಅತ್ಯಂತ ಕಠಿಣ ಜಾಗದಲ್ಲಿ ನಿಲ್ಲಿಸದಿರುವುದು, ನಿದ್ದೆ ಊಟಗಳನ್ನು ಕೆಲಸದ ಭಾಗವೆಂದೇ ಎಣಿಸುವುದು.

ಆದರೆ ವಿಪತ್ತಿನ ಕೆಲಸ ಶಿಬಿರ ಮುಚ್ಚಿದ ದಿನ ಮುಗಿಯುವುದಿಲ್ಲ. ಕರ್ಣಂಗೇರಿ, ಮದೆನಾಡು, ಜಂಬೂರುಗಳ ಹೊಸ ಮನೆಗಳಿಗೆ ಹೋದ ಕುಟುಂಬಗಳ ಜೊತೆ ಉಳಿದವರು ಊರಿನವರೇ. ಮೊದಲ ಮಳೆ ಬಿದ್ದ ರಾತ್ರಿ ನಿದ್ದೆ ಬಾರದವರ ಮನೆಗೆ ಮರುದಿನ ಹೋಗಬೇಕಾದ ಆಶಾ ಕಾರ್ಯಕರ್ತೆಗೆ ತನ್ನ ಮನೆಯ ಹಿಂದಿನ ಬರೆಯ ಭಯವೂ ಇರುತ್ತದೆ. ಶವಸಂಸ್ಕಾರ ಮಾಡಿಸಿದ ಸಭಾಪಾಲಕನಿಗೆ ಭಾನುವಾರದ ಪ್ರಸಂಗ ಕಾದಿರುತ್ತದೆ. ಹೊರಗಿನ ತಂಡ ಮರಳಿ ಹೋಗುತ್ತದೆ. ಊರಿನ ಸೇವಕನಿಗೆ ಮರಳಿ ಹೋಗುವ ಊರು ಅದೇ. ಆನಂದಪುರದ ಉಪದೇಶಿಯ ಸ್ಥಿತಿಯೇ ಇದು.

ಸತ್ಯವೇದದ ಬೆಳಕಿನಲ್ಲಿ

ಸತ್ಯವೇದವು ದಣಿದ ಸೇವಕರನ್ನು ಮುಚ್ಚಿಡುವುದಿಲ್ಲ. ಎಲೀಯನು ಅರಣ್ಯದಲ್ಲಿ ಗಿಡವೊಂದರ ಕೆಳಗೆ ಕುಳಿತು ಸಾಯಬಯಸಿದಾಗ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಇಟ್ಟನು, ಮಲಗಲು ಬಿಟ್ಟನು, ಮತ್ತೊಮ್ಮೆ ಎಬ್ಬಿಸಿ ಉಣ್ಣಿಸಿದನು. ದೇವರ ಮಾತು ಬಂದದ್ದು ಆಮೇಲೆ. ಹೋರೇಬಿನಿಂದ ಅವನು ಹೊರಟಾಗ ಎಲೀಷನೆಂಬ ಜೊತೆಗಾರನ ಏರ್ಪಾಡೂ ಆಗಿತ್ತು. ವಿಮೋಚನಕಾಂಡ 18ರಲ್ಲಿ ಮೋಶೆಯು ಬೆಳಗಿನಿಂದ ಸಂಜೆಯ ತನಕ ಒಬ್ಬನೇ ನ್ಯಾಯ ತೀರಿಸುವುದನ್ನು ಕಂಡ ಮಾವ ಇತ್ರೋನನು ಅವನ ಶ್ರದ್ಧೆಯನ್ನು ಹೊಗಳಲಿಲ್ಲ, ಕೆಲ ಹಂಚಲು ಕಲಿಸಿದನು. ಆ ಬುದ್ಧಿ ಹೇಳಿದವನು ಹೊರಗಿನವನು, ಮಿದ್ಯಾನ್ಯನು ಎಂಬುದನ್ನೂ ಗಮನಿಸಬೇಕು. ಮನೋವಿಜ್ಞಾನದಿಂದಲೂ ಸಮಾಜಕಾರ್ಯದಿಂದಲೂ ಕಲಿಯಲು ಸಭೆ ಸಂಕೋಚಪಡಬೇಕಾಗಿಲ್ಲ.

ಮಿಷನ್ ಚರಿತ್ರೆಗೆ ಅತ್ಯಂತ ಹತ್ತಿರವಾದ ವಾಕ್ಯಭಾಗ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿದೆ. ಫಿಲಿಪ್ಪಿಯ ಸಭೆ ಪೌಲನ ಸೇವೆಗಾಗಿ ಎಪಫ್ರೊದೀತನನ್ನು ಕಳುಹಿಸಿತ್ತು. ಅವನು ಕಾಯಿಲೆ ಬಿದ್ದು ಸಾಯುವಂತಾದನು. ತನ್ನ ಕಾಯಿಲೆಯ ಸುದ್ದಿ ಊರಿಗೆ ತಲಪಿತೆಂದು ಅವನು ಕಳವಳಪಟ್ಟನು. ಕಳುಹಿಸಿದವರಿಗೆ ಹೊರೆಯಾದೆನೆಂಬ ಸಂಕಟ ಅದು, ಪ್ರತಿಯೊಬ್ಬ ಸೇವಕನಿಗೂ ಗೊತ್ತಿರುವ ಸಂಕಟ. ಪೌಲನು ಅವನನ್ನು ಕೆಲಸದ ನಡುವೆ ಊರಿಗೆ ಕಳುಹಿಸಿದನು. ಅಷ್ಟೇ ಅಲ್ಲ, ಅವನನ್ನು ಸಂತೋಷದಿಂದ ಸೇರಿಸಿಕೊಳ್ಳಿರಿ, ಇಂಥವರನ್ನು ಗೌರವಿಸಿರಿ ಎಂದು ಸಭೆಗೆ ಬರೆದನು. ಮರಳುವಿಕೆ ಇಲ್ಲಿ ಸೋಲಾಗಿ ಕಾಣುವುದಿಲ್ಲ. ಕಳುಹಿಸುವ ಹಕ್ಕುಳ್ಳ ಸಭೆಗೆ ಗೌರವದಿಂದ ಮರಳಿ ಪಡೆಯುವ ಹೊಣೆಯೂ ಇದೆ.

ಶಿಷ್ಯರು ಕೆಲಸದಿಂದ ಮರಳಿ ಬಂದಾಗ, ಉಣ್ಣಲು ಸಹ ಬಿಡುವಿಲ್ಲದಷ್ಟು ಜನ ಸೇರಿದ್ದಾಗ, ಕರ್ತನು ಅವರನ್ನು ಅಡವಿಯ ಸ್ಥಳಕ್ಕೆ ಕರೆದದ್ದನ್ನು ಮಾರ್ಕನು 6ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಅವರು ಬೇಡುವ ಮೊದಲೇ ಅವನು ಕರೆದನು. ವಿಶ್ರಾಂತಿಯ ಮಾತು ಮೊದಲು ಬರಬೇಕಾದದ್ದು ಕಳುಹಿಸಿದವನ ಬಾಯಿಂದ.

ಉಪಸಂಹಾರ

ಮೋಗ್ಲಿಂಗರ ಗೆಳೆಯ ಹೆರ್ಮನ್ ಗುಂಡರ್ಟ್ 1882ರಲ್ಲಿ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಕನ್ನಡ ನಾಡು ಇಂದಿಗೂ ಅವರನ್ನು ಪತ್ರಿಕೆಯ ಜನಕನೆಂದು ನೆನೆಯುತ್ತದೆ. ಆನಂದಪುರ ಇನ್ನೂ ಇದೆ. ಅಲ್ಲಿ ನೆಲೆ ಕಂಡ ಕುಟುಂಬಗಳ ಸಂತತಿಯೇ ಆ ಸೇವೆಯ ನಿಜವಾದ ಸ್ಮಾರಕ. ಆ ಫಲವನ್ನು ಕಂಡು ಕೃತಜ್ಞರಾಗುವ ನಾವು, ಅದಕ್ಕೆ ತೆತ್ತ ಬೆಲೆಯೆಲ್ಲ ಅನಿವಾರ್ಯವಾಗಿತ್ತು ಎಂದು ಹೇಳಬೇಕಾಗಿಲ್ಲ. ಶಿಲುಬೆಯನ್ನು ಹೊರುವುದು ಬೇರೆ. ಹಂಚಿಕೊಳ್ಳಬಹುದಾಗಿದ್ದ ಹೊರೆಯನ್ನು ಒಬ್ಬನ ಮೇಲೆ ಬಿಟ್ಟು ಅದಕ್ಕೆ ಶಿಲುಬೆಯೆಂದು ಹೆಸರಿಡುವುದು ಬೇರೆ.

ಆದುದರಿಂದ ನಮ್ಮ ಸಭೆಗಳ ಮುಂದೆ ಕೆಲವು ಸರಳ ಕರ್ತವ್ಯಗಳಿವೆ. ಭಾನುವಾರ ದುಡಿಯುವ ಸಭಾಪಾಲಕನಿಗೆ ವಾರದ ಇನ್ನೊಂದು ದಿನವನ್ನು ಸಭಾ ಸಮಿತಿಯೇ ಬರೆದು ನಿಶ್ಚಯಿಸಬೇಕು. ಆ ದಿನ ಅವನನ್ನು ಕರೆಯುವವರಿಗೆ ಉತ್ತರಿಸಲು ಹಿರಿಯರಲ್ಲೊಬ್ಬರಿರಬೇಕು. ಮಳೆಗಾಲದ ಅಪಾಯವಿರುವ ಸಭೆಗಳಿಗೆ ಘಟ್ಟದ ಕೆಳಗಿನ ಸಭೆಗಳಿಂದ ಸರದಿಯ ಮೇಲೆ ಸಹಾಯಕರು ಹೋಗಬೇಕು. ಅದು ವಿಪತ್ತು ಬಂದ ಮೇಲೆ ಆಗುವ ಓಡಾಟವಾಗದೆ ಮೇ ತಿಂಗಳಲ್ಲೇ ಗೊತ್ತುಮಾಡಿದ ಪಟ್ಟಿಯಾಗಬೇಕು. ಆ ಊರಿನ ಆಶಾ ಕಾರ್ಯಕರ್ತೆಯನ್ನೂ ಸರ್ಕಾರಿ ಮನೋವೈದ್ಯಕೀಯ ಸಿಬ್ಬಂದಿಯನ್ನೂ, ಅವರು ಯಾವ ಧರ್ಮದವರೇ ಆಗಿರಲಿ, ಸಭೆ ತನ್ನ ಆತಿಥ್ಯದೊಳಗೆ ಸೇರಿಸಿಕೊಳ್ಳಬೇಕು. ‘ದಣಿದೆ’ ಎಂದ ಸೇವಕನ ಮಾತನ್ನು ವಿಶ್ವಾಸದ ಕೊರತೆಯೆಂದು ಬಗೆಯದೆ ಕೆಲಸದ ವರದಿಯೆಂದು ಕೇಳುವ ಅಭ್ಯಾಸವನ್ನು ಗುರುಕುಲದಲ್ಲೇ ಕಲಿಸಬೇಕು. ದಣಿವು ಆಳವಾಗಿ, ನಿದ್ದೆಯೂ ಆಸೆಯೂ ಹೋಗಿದ್ದರೆ ವೈದ್ಯರ ಬಳಿಗೆ ಅವನೊಡನೆ ಒಬ್ಬರು ಹೋಗಬೇಕು. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯೂ ಕನ್ನಡದಲ್ಲಿ ಮಾತನಾಡುತ್ತದೆ.

ಚರಿತ್ರೆಯ ಪುಟಗಳಲ್ಲಿ ‘ಆರೋಗ್ಯದ ಕಾರಣದಿಂದ ಮರಳಿದರು’ ಎಂಬ ಸಾಲನ್ನು ಮುಂದೆ ಓದುವಾಗ, ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನು ಬರೆದುಕೊಳ್ಳೋಣ: ಅದಕ್ಕೆ ಮುಂಚೆ ಅವರನ್ನು ವಿಶ್ರಮಿಸಲು ಕರೆದವರು ಯಾರು? ಮುಂದಿನ ತಲೆಮಾರಿನವರು ನಮ್ಮ ಕಾಲದ ದಾಖಲೆಗಳನ್ನು ಓದಿ ಇದೇ ಪ್ರಶ್ನೆ ಕೇಳಿದಾಗ ಹೇಳಲು ನಮ್ಮಲ್ಲಿ ಒಂದು ಹೆಸರಾದರೂ, ಒಂದು ಸಭೆಯಾದರೂ ಇರಲಿ.